ರಸೀದಿ ಕೊಡುವ ಸೊಪ್ಪು

ಆಗಸ್ಟ್ 4ರ ಬೆಳಿಗ್ಗೆ ಕೊಡಗಿನಲ್ಲಿ ಎಂಥ ಮರ್ಯಾದಸ್ಥರೂ ಒಬ್ಬರನ್ನೊಬ್ಬರು ಒಂದು ಪ್ರಶ್ನೆ ಕೇಳುತ್ತಾರೆ. ಬಯಲುಸೀಮೆಯಲ್ಲಿ ಯಾರಾದರೂ ಹೀಗೆ ಕೇಳಿದರೆ ಮಾತು ಬಿಟ್ಟುಹೋದೀತು. "ಬಣ್ಣ ಬಂತಾ?" ಯಾವುದರ ಬಣ್ಣ ಎಂದು ಬಿಡಿಸಿ ಹೇಳುವವರಿಲ್ಲ, ಕೇಳುವವರೂ ಇಲ್ಲ. ಹಿಂದಿನ ದಿನ ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಗೌಡರ ಮನೆಗಳಲ್ಲಿ ಅದೇ ಆಟಿ 18. ಊರಿಗೆ ಊರೇ ಮದ್ದು ಸೊಪ್ಪಿನ ಪಾಯಸ ಉಂಡು ಮಲಗಿರುತ್ತದೆ. ಬೆಳಿಗ್ಗೆ ಬಚ್ಚಲಿಗೆ ಹೋದವರಿಗೆ ಮೂತ್ರ ಕೆಂಪಗೆ ಕಂಡರೆ ಮದ್ದು ಮೈಗೆ ಹತ್ತಿತು ಎಂಬ ಸಮಾಧಾನ. ಕಾಣದಿದ್ದರೆ ಒಂದು ಸಣ್ಣ ಅನುಮಾನ: ಸೊಪ್ಪು ಸರಿಯಾಗಿ ಕುದಿಯಲಿಲ್ಲವೋ, ಅಥವಾ ಮಡಿಕೇರಿ ಸಂತೆಯಲ್ಲಿ ಕಟ್ಟು ಮಾರಿದವಳು ಬೇರೇನಾದರೂ ಸೇರಿಸಿದಳೋ!

ಸೊಪ್ಪು ನೋಡಲು ಬೇಲಿಬದಿಯ ಯಾವುದೋ ಗಿಡದಂತಿದೆ. ಸಸ್ಯಶಾಸ್ತ್ರದವರು ಅದಕ್ಕೆ ಜಸ್ಟೀಸಿಯಾ ವೈನಾಡೆನ್ಸಿಸ್ ಎಂದಿದ್ದಾರೆ. ಕಕ್ಕಡದ ಮೊದಲ ದಿನದಿಂದ ದಿನಕ್ಕೊಂದರಂತೆ ಮದ್ದು ಅದರೊಳಗೆ ಸೇರುತ್ತಾ ಹೋಗಿ ಹದಿನೆಂಟನೆಯ ದಿನಕ್ಕೆ ಹದಿನೆಂಟೂ ತುಂಬುತ್ತವೆ ಎಂಬುದು ಹಿರಿಯರ ಲೆಕ್ಕ. ಹದಿನೇಳರಂದು ಕೊಯ್ದವನಿಗೆ ಒಂದು ಮದ್ದು ಖೋತಾ. ಎಲೆ, ದಂಟು ಎರಡನ್ನೂ ಕುದಿಸಿದರೆ ನೀರು ಕಡುನೇರಳೆಗೆ ತಿರುಗುತ್ತದೆ, ಮನೆಯೆಲ್ಲ ಅದರದೇ ವಾಸನೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನ ಹಾಲು ಹಾಕಿದರೆ ಪಾಯಸ. ಪುಟ್ಟು ಮಾಡಿದರೆ ಜೊತೆಗೆ ಜೇನು, ತುಪ್ಪ. ಮಗ್ಗುಲಲ್ಲಿ ನಾಟಿಕೋಳಿ ಸಾರು. ಪಥ್ಯದ ಹೆಸರಿನಲ್ಲಿ ಇಷ್ಟು ಚೆನ್ನಾಗಿ ಉಣ್ಣುವ ಜನ ಬೇರೆಲ್ಲಿದ್ದಾರೋ ನಾನರಿಯೆ.

ಬಣ್ಣ ಬಂದದ್ದರಿಂದ ತಿಳಿಯುವುದು ಇಷ್ಟೇ: ಎಲೆಯ ಬಣ್ಣ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೂತ್ರಪಿಂಡಕ್ಕೆ ಹೋಗಿ ಹೊರಬಿದ್ದಿದೆ. ಅದು ದಾರಿಯಲ್ಲಿ ಯಾವ ಕಾಯಿಲೆಯನ್ನು ಹೊಡೆದು ಹಾಕಿತು ಎಂಬುದನ್ನು ಬಣ್ಣ ಹೇಳುವುದಿಲ್ಲ. ಆದರೂ ನನಗೆ ಈ ಸೊಪ್ಪಿನ ಮೇಲೆ ಗೌರವ. ತಿಂದದ್ದಕ್ಕೆ ಮರುದಿನವೇ ರಸೀದಿ ಹರಿದುಕೊಡುವ ತಿನಿಸು ಅಪರೂಪ. ಬೀಟ್‌ರೂಟ್ ಇದೆ, ನಿಜ. ಆದರೆ ಅದು ಎಲ್ಲರಿಗೂ ಕೊಡುವುದಿಲ್ಲ. ಕೆಲವರಿಗಷ್ಟೇ ಬಣ್ಣ ತೋರಿಸುತ್ತದೆ, ಅವರಲ್ಲೂ ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಿದ್ದವರಿಗೆ ಹೆಚ್ಚು. ಕಬ್ಬಿಣದ ಮಾತಿಗೆ ಆಮೇಲೆ ಬರುತ್ತೇನೆ, ಅದರಲ್ಲಿ ನಮ್ಮ ಜಿಲ್ಲೆಯ ಪಾಲೂ ಇದೆ.

ಮಳೆಗಾಲದ ಕೊಡಗಿನ ಅಡುಗೆಯಲ್ಲಿ ಹೀಗೆ ಬಾಯಿಬಿಟ್ಟು ಮಾತಾಡುವ ಪದಾರ್ಥಗಳೇ ಜಾಸ್ತಿ. ಕೆಸುವಿನ ಸೊಪ್ಪು ನೋಡಿ. ಅದರೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಸರಿಯಾಗಿ ಬೇಯಿಸದೆ, ಹುಳಿ ಹಿಂಡದೆ ಬಡಿಸಿದರೆ ತುತ್ತು ಗಂಟಲಿಳಿಯುವ ಮೊದಲೇ ತುರಿಕೆ. ಅಡುಗೆ ಮಾಡಿದವರು ಯಾರು, ಅವಸರದಲ್ಲಿದ್ದರೇ ಎಂಬುದೆಲ್ಲ ಅಲ್ಲಿಗೇ ಇತ್ಯರ್ಥ. ಕಣಿಲೆ ಇನ್ನೂ ಖಡಾಖಂಡಿತ. ಎಳೆ ಬಿದಿರಿನಲ್ಲಿ ಸೈನೈಡು ಬಿಡುಗಡೆ ಮಾಡುವ ಅಂಶವಿದೆ. ಹಸಿಯಾಗಿ ಬಾಯಿಗಿಟ್ಟರೆ ಕಹಿ. ಅದಕ್ಕೇ ಹೆಚ್ಚಿ ನೀರಿನಲ್ಲಿ ನೆನೆಹಾಕಿ, ಎರಡು ಮೂರು ದಿನ ನೀರು ಬದಲಾಯಿಸಿ, ಆಮೇಲೆ ಬೇಯಿಸಿ ಬೈಂಬಳೆ ಕರಿ ಮಾಡುತ್ತಾರೆ. ಸೈನೈಡೆಂಬ ಹೆಸರು ಕೇಳದ ಅಜ್ಜಿಯರು ನೀರು ಚೆಲ್ಲುವುದನ್ನು ಮಾತ್ರ ಮರೆಯಲಿಲ್ಲ. ನಾಲಗೆ ಹೇಳಿದ್ದನ್ನು ಅವರು ಕೇಳಿಸಿಕೊಂಡರು.

ಕಚಂಪುಳಿಯದು ಬೇರೆ ಕಥೆ. ಗಾರ್ಸೀನಿಯಾ ಎಂಬ ಹುಳಿಹಣ್ಣಿನ ರಸವನ್ನು ಒಲೆಯ ಮೇಲೆ ಬತ್ತಿಸಿ ಕಪ್ಪಗೆ, ಮಂದಗೆ ಮಾಡಿ ಸೀಸೆಗೆ ತುಂಬಿಟ್ಟುಕೊಳ್ಳುತ್ತೇವೆ. ಹಂದಿ ಮಾಂಸದ ಪಂದಿ ಕರಿಗೆ ಒಂದೆರಡು ಚಮಚ ಬಿದ್ದರೆ ಸಾಕು. ಅದೇ ಗಾರ್ಸೀನಿಯಾ ಹಣ್ಣಿನ ಸಿಪ್ಪೆಯ ಸತ್ವ ಅಮೆರಿಕದಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಮಾರಾಟವಾಯಿತು. 1998ರಲ್ಲಿ ಅಲ್ಲಿಯ ವೈದ್ಯರು 135 ಮಂದಿ ದಪ್ಪನೆಯವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅದನ್ನೂ ಇನ್ನೊಂದಕ್ಕೆ ಹುಸಿಮಾತ್ರೆಯನ್ನೂ 12 ವಾರ ಕೊಟ್ಟು ನೋಡಿದರು. ಹುಸಿಮಾತ್ರೆ ನುಂಗಿದವರಿಗಿಂತ ಇವರೇನೂ ಹೆಚ್ಚು ಇಳಿಯಲಿಲ್ಲ. ನಮ್ಮೂರಿನಲ್ಲಿ ಯಾರನ್ನಾದರೂ ಕೇಳಿದ್ದರೆ ಆ ಖರ್ಚು ಉಳಿಯುತ್ತಿತ್ತು. ಕಚಂಪುಳಿ ತಿಂದು ಸಣ್ಣಗಾದವರನ್ನು ನಾವು ಕಂಡಿಲ್ಲ. ಪಂದಿ ಕರಿಯ ಜೊತೆ ಅಕ್ಕಿಯುಂಡೆಯಾದ ಕಡಂಬುಟ್ಟು ಎಷ್ಟು ಇಳಿಯುತ್ತದೆ ಎಂಬುದನ್ನು ಆ ವೈದ್ಯರು ಲೆಕ್ಕಕ್ಕೆ ಹಿಡಿದಿರಲಾರರು.

ತೊಂದರೆ ಇರುವುದು ಮಾತೇ ಆಡದ ತಿನಿಸುಗಳಲ್ಲಿ. ಅಕ್ಕಿರೊಟ್ಟಿ, ನೂಪುಟ್ಟು, ಪಾಪುಟ್ಟು, ಬೇಕರಿಯ ಪಫ್ಸು, ಮದುವೆಮನೆಯ ಎರಡನೇ ಸಲದ ಪಾಯಸ: ತುರಿಕೆಯಿಲ್ಲ, ಕಹಿಯಿಲ್ಲ, ಬೆಳಿಗ್ಗೆ ಬಣ್ಣವೂ ಇಲ್ಲ. ಮೊದಲು ಉಂಡದ್ದು ಗದ್ದೆಯ ಕೆಸರಿನಲ್ಲಿ, ತೋಟದ ಏರಿನಲ್ಲಿ ಕರಗುತ್ತಿತ್ತು. ಈಗ ಏರನ್ನು ಜೀಪು ಹತ್ತುತ್ತದೆ. ನಮ್ಮ ಭಾವನಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದದ್ದು ಕಣ್ಣಿನ ಡಾಕ್ಟರರಿಂದ. ಅಲ್ಲಿಯವರೆಗೆ ಮೈ ಒಂದು ಮಾತೂ ಹೇಳಿರಲಿಲ್ಲ. ಆಮೇಲೆ ಭಾವ ಒಂದು ಉಪಾಯ ಕಂಡುಕೊಂಡರು. ರಕ್ತ ಪರೀಕ್ಷೆಗೆ ಮೂರು ದಿನ ಮೊದಲು ಹಾಗಲಕಾಯಿ ಪಲ್ಯ, ಮಜ್ಜಿಗೆ; ಸಂಜೆ ಗೇಟಿನವರೆಗೆ ವಾಕಿಂಗು. ಪರೀಕ್ಷೆಯ ದಿನ ಸಕ್ಕರೆ ಅಚ್ಚುಕಟ್ಟು. ಡಾಕ್ಟರರೂ ಊರಿನವರೇ, ಇಂಥ ಭಾವಂದಿರನ್ನು ಎಷ್ಟೋ ಜನ ನೋಡಿದ್ದಾರೆ. ಎಚ್‌ಬಿಎ1ಸಿ ಬರೆದುಕೊಟ್ಟರು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟು ದಿನವೂ ರಕ್ತದಲ್ಲಿನ ಸಕ್ಕರೆ ಅದಕ್ಕೆ ಅಂಟುತ್ತಲೇ ಇರುತ್ತದೆ. ಆದ್ದರಿಂದ ಈ ಪರೀಕ್ಷೆ ಎರಡು ಮೂರು ತಿಂಗಳ ಒಟ್ಟು ಲೆಕ್ಕವನ್ನೇ ತೆಗೆದಿಡುತ್ತದೆ. ಹುತ್ತರಿಯ ತಂಬಿಟ್ಟೂ ಅದರಲ್ಲಿತ್ತು, ಆಮೇಲಿನ ಎರಡು ಮದುವೆಗಳೂ ಇದ್ದವು. "ಈ ಮೆಷಿನ್ನಿಗೆ ನಮ್ಮ ಮನೆ ವಿಷಯ ಯಾರು ಹೇಳಿದ್ದು?" ಎಂದು ಭಾವ ಅಕ್ಕನ ಕಡೆ ನೋಡಿದರಂತೆ.

ಮೌನಿಗಳಲ್ಲೆಲ್ಲ ದೊಡ್ಡ ಮೌನಿ ಕಾಫಿ. ಇದನ್ನು ಬರೆಯಲು ಕೊಂಚ ಧೈರ್ಯ ಬೇಕು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆಯಲ್ಲಿ ಕೂತು ಕಾಫಿಯ ಚಾಡಿ ಹೇಳಬಾರದು. ನಿದ್ದೆಯ ಮಾತಾದರೆ ಕಾಫಿ ಮೌನಿಯಲ್ಲ, ರಾತ್ರಿಯೇ ಹೇಳಿಬಿಡುತ್ತದೆ. ಅದರಲ್ಲೂ ರೊಬಸ್ಟಾದಲ್ಲಿ ಕೆಫೀನು ಅರೇಬಿಕಾದ ಎರಡರಷ್ಟಿರುತ್ತದೆ. ಅದು ಬಾಯಿಬಿಡದಿರುವುದು ಕಬ್ಬಿಣದ ವಿಷಯದಲ್ಲಿ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ಕಾಫಿಯ ಒಗರಿನ ಅಂಶಗಳು ಕರುಳಿನಲ್ಲೇ ಹಿಡಿದು ನಿಲ್ಲಿಸುತ್ತವೆ. 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಊಟದ ಜೊತೆ ಒಂದು ಲೋಟ ಕಾಫಿ ಕುಡಿದವರ ಮೈಗೆ ಸೇರಿದ ಕಬ್ಬಿಣ ಶೇಕಡ 39ರಷ್ಟು ಕಡಿಮೆಯಾಗಿತ್ತು. ಚಹಾ ಕುಡಿದವರಿಗೆ ಶೇಕಡ 64. (ಈ ಎರಡನೇ ಅಂಕಿಯನ್ನು ನಾನು ಸಿಕ್ಕವರಿಗೆಲ್ಲ ಸಂತೋಷದಿಂದ ಹೇಳುತ್ತೇನೆ.) ಸ್ವಾರಸ್ಯ ಇರುವುದು ಹೊತ್ತಿನಲ್ಲಿ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ಏನೂ ನಷ್ಟವಿಲ್ಲ. ಊಟವಾಗಿ ಒಂದು ಗಂಟೆಗೆ ಕುಡಿದರೆ ಜೊತೆಯಲ್ಲಿ ಕುಡಿದಷ್ಟೇ ನಷ್ಟ.

ಇದನ್ನೋದಿದ ಮೇಲೆ ಅಕ್ಕನಿಗೆ ಫೋನು ಮಾಡಿದೆ. ಅವಳಿಗೆ ರಕ್ತ ಕಡಿಮೆ, ಸುಸ್ತು, ಡಾಕ್ಟರರು ಮಾತ್ರೆ ಕೊಟ್ಟಿದ್ದಾರೆ. ಅವಳು ಆ ಮಾತ್ರೆಯನ್ನು ತಿಂಡಿಯಾದ ಮೇಲೆ ಬೆಲ್ಲದ ಕಾಫಿಯ ಜೊತೆ ನುಂಗುತ್ತಾಳೆ. ಬೆಲ್ಲದಲ್ಲೂ ಕಬ್ಬಿಣವಿದೆಯಲ್ಲ ಎಂಬುದು ಅವಳ ವಾದ. "ಅಕ್ಕ, ಮಾತ್ರೆಗೆ ನಿಂಬೆಹಣ್ಣಿನ ಪಾನಕ ಕುಡಿ, ಹುಳಿಯ ಜೊತೆ ಕಬ್ಬಿಣ ಚೆನ್ನಾಗಿ ಹತ್ತುತ್ತೆ. ಕಾಫಿ ಎದ್ದ ಕೂಡಲೇ ಮುಗಿಸಿಬಿಡು" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎದ್ದ ಕೂಡಲೇ ಒಂದು ಹೇಗೂ ಇದ್ದೇ ಇದೆ. ನೀನು ಹೇಳ್ತಿರೋದು ತಿಂಡಿಯ ಮೇಲಿನದ್ದಲ್ವಾ?" ಎಂದಳು. ಕೊನೆಗೆ ತಿಂಡಿಯ ಮೇಲಿನದನ್ನು ಹನ್ನೊಂದೂವರೆಗೆ ಸರಿಸುವುದೆಂದು ಒಪ್ಪಂದವಾಯಿತು. ಊಟ ಒಂದೂವರೆಗೆ, ಆದ್ದರಿಂದ ಲೆಕ್ಕ ಕೂಡುತ್ತದೆ.

ಮಾತಿನ ಭರದಲ್ಲಿ ಇನ್ನೊಂದನ್ನೂ ಹೇಳಿಬಿಟ್ಟೆ: ಮಾಂಸದಲ್ಲಿರುವ ಕಬ್ಬಿಣದ ಬಗೆಯೇ ಬೇರೆ, ಅದಕ್ಕೆ ಕಾಫಿ ಅಷ್ಟಾಗಿ ಅಡ್ಡ ಬರುವುದಿಲ್ಲ. ಫೋನು ಸ್ಪೀಕರಿನಲ್ಲಿತ್ತೆಂದು ಕಾಣುತ್ತದೆ. ಈಗ ಭಾನುವಾರದ ಪಂದಿ ಕರಿಯ ಮುಂದೆ ಅಕ್ಕ ಕಣ್ಣು ಬಿಟ್ಟರೆ ಭಾವ ನನ್ನ ಹೆಸರು ಹೇಳುತ್ತಾರಂತೆ. ಅವರ ರಕ್ತದಲ್ಲಿ ಕಬ್ಬಿಣ ಸಾಕಷ್ಟಿದೆ. ಪರೀಕ್ಷೆಯಲ್ಲೇ ಹಾಗಂತ ಬಂದಿದೆ.