ಅಳಿವೆಗೊಂದು ವಾಯಿದೆ

ನದಿ ಕಡಲನ್ನು ಸೇರುವ ಜಾಗಕ್ಕೆ ಕನ್ನಡದಲ್ಲಿ ಅಳಿವೆ ಅಂತ ಹೆಸರು. ಕೊನೆಯ ಅಕ್ಷರದ ಎತ್ವ ತೆಗೆದು ಕೊಂಬು ಹಚ್ಚಿದರೆ ಅಳಿವು. ಅಮೆರಿಕದ ಸರ್ಕಾರಗಳಿಗೆ ಕನ್ನಡ ಬರುವುದಿಲ್ಲ. ಆದರೂ ಚೆಸಪೀಕ್ ಕೊಲ್ಲಿಯ ವಿಷಯದಲ್ಲಿ 40 ವರ್ಷದಿಂದ ಆ ಎತ್ವ ಇರಬೇಕೋ ಕೊಂಬು ಬರಬೇಕೋ ಅಂತಲೇ ಸಭೆ ನಡೆಸುತ್ತಿವೆ.

ಅದು ಆ ದೇಶದ ಅತಿ ದೊಡ್ಡ ಅಳಿವೆ. 6 ರಾಜ್ಯಗಳ ಮತ್ತು ರಾಜಧಾನಿಯ ನೀರು ಹರಿದು ಬಂದು ಅಲ್ಲಿ ಸೇರುತ್ತದೆ. ನೀರೊಂದೇ ಬರುತ್ತದಾ? ಹೊಲದ ಗೊಬ್ಬರ, ಕೋಳಿ ಫಾರಂ ಗೊಬ್ಬರ, ಊರಿನ ಚರಂಡಿ, ಎಲ್ಲವೂ ಜೊತೆಗೆ. ಅದನ್ನು ತಿಂದು ಪಾಚಿ ಕೊಬ್ಬುತ್ತದೆ. ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನೂ ಮುಗಿಸುತ್ತದೆ. ಬೇಸಿಗೆಯಲ್ಲಿ ತಳದ ಜೀವಿಗಳಿಗೆ ಉಸಿರಾಡಲು ಏನೂ ಉಳಿಯುವುದಿಲ್ಲ.

ಹಾಗಾಗಿ 1983ರಲ್ಲಿ ಒಂದು ಒಪ್ಪಂದವಾಯಿತು. 1987ರಲ್ಲಿ ಇನ್ನೊಂದು: 2000ನೇ ಇಸವಿಯೊಳಗೆ ಈ ಗೊಬ್ಬರದಂಶ ಶೇ 40ರಷ್ಟು ಇಳಿಯಬೇಕು. ಇಳಿಯಲಿಲ್ಲ. 2000ದಲ್ಲಿ ಮತ್ತೆ ಸಹಿ, 2010ರ ಗಡುವು. 2010ರಲ್ಲಿ ಕಟ್ಟುನಿಟ್ಟಿನ ಮಿತಿ, 2025ರ ಗಡುವು. 2025ರ ಡಿಸೆಂಬರ್ ಮೊದಲ ವಾರ ಎಲ್ಲರೂ ಮತ್ತೆ ಸೇರಿ 2040ಕ್ಕೆ ಸಹಿ ಹಾಕಿದರು. ಗಡುವು ತೀರಲು ಇನ್ನೂ ಸುಮಾರು 4 ವಾರ ಇತ್ತು. ಅವಧಿಗೆ ಮೊದಲೇ ಮುಗಿದ ಕೆಲಸ ಅಂದರೆ ಇದು, ವಾಯಿದೆ ಪಡೆಯುವ ಕೆಲಸ.

ದುಡ್ಡಿನ ಕಥೆ ಇನ್ನೂ ಚೆಂದ. ಈ ಯೋಜನೆಗೆ ಕೇಂದ್ರದಿಂದ ವರ್ಷಕ್ಕೆ 7.3 ಕೋಟಿ ಡಾಲರ್ ಬರುತ್ತಿತ್ತು. 2018ರ ಬಜೆಟ್‌ಗೆ ಟ್ರಂಪ್ ಸರ್ಕಾರ ಸೂಚಿಸಿದ್ದು ಸೊನ್ನೆ. ರೌಂಡ್ ಫಿಗರ್, ಲೆಕ್ಕಕ್ಕೂ ಸುಲಭ. ಸಂಸತ್ತು ಒಪ್ಪದೆ ಪೂರ್ತಿ 7.3 ಕೋಟಿ ಕೊಟ್ಟಿತು. ಮರುವರ್ಷ ಸರ್ಕಾರಕ್ಕೆ ಕನಿಕರ ಬಂತು: 73 ಲಕ್ಷ. ಸಂಸತ್ತು ಮತ್ತೆ 7.3 ಕೋಟಿ. ಅದರ ಮುಂದಿನ ವರ್ಷವೂ ಸರ್ಕಾರದ್ದು 73 ಲಕ್ಷ. ಸಂಸತ್ತಿನದು ಈ ಸಲ 8.5 ಕೋಟಿ! ಇದನ್ನು ನೋಡಿದರೆ ಅಳಿವೆ ಉಳಿಯಲಿ ಅನ್ನುವವರು ಹಣ ಕೇಳುವುದನ್ನೇ ಬಿಡಬಹುದು. ‘ಸ್ವಾಮಿ, ಸುಮ್ನೆ ಕಡಿತ ಮಾಡಿ’ ಅಂತ ಬೇಡಿಕೊಂಡರೆ ಸಾಕು, ಅನುದಾನ ತಾನಾಗಿಯೇ ಜಾಸ್ತಿಯಾಗುತ್ತದೆ. ಈ ಹಗ್ಗಜಗ್ಗಾಟ ಮುಗಿಯುವ ತನಕ ಕ್ಷೇತ್ರದಲ್ಲಿ ಕೆಲಸ ಮಾಡುವವರು ಮುಂದಿನ ವರ್ಷ ತಮ್ಮ ಕುರ್ಚಿ ಇರುತ್ತದಾ ಅಂತ ಯೋಚಿಸುತ್ತಾ ಕೂರಬೇಕು, ಅಷ್ಟೇ.

ಏನೂ ಆಗಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಕೊಳಚೆ ನೀರು ಶುದ್ಧ ಮಾಡುವ ಘಟಕಗಳು ನಿಜವಾಗಿಯೂ ಸುಧಾರಿಸಿವೆ. ಪೈಪಿಗೆ ಒಂದೇ ಬಾಯಿ, ಅಲ್ಲೊಂದು ಮೀಟರ್ ಇಡಬಹುದು. ಹೊಲಕ್ಕೆ ಸಾವಿರ ಬಾಯಿ. ಮೇಲಾಗಿ ಪೈಪಿಗೆ ಓಟಿಲ್ಲ, ಹೊಲದ ಯಜಮಾನನಿಗೆ ಇದೆ.

ಇನ್ನು ಸಿಂಪಿಗಳು. ದೊಡ್ಡದೊಂದು ಸಿಂಪಿ ದಿನಕ್ಕೆ 190 ಲೀಟರ್ ತನಕ ನೀರು ಸೋಸಬಲ್ಲದು. ಒಂದು ಕಾಲದಲ್ಲಿ ಅವು ಇಡೀ ಕೊಲ್ಲಿಯನ್ನು ವಾರದೊಳಗೆ ಸೋಸುತ್ತಿದ್ದವು ಅಂತ ಅಂದಾಜಿದೆ. ಬಾಚಿ ಬಾಚಿ ತೆಗೆದು, ರೋಗವೂ ಬಡಿದು, ಕೊನೆಗೆ ಉಳಿದದ್ದು ನೂರಕ್ಕೆ ಒಂದರಷ್ಟು. 2025ರೊಳಗೆ 10 ಉಪನದಿಗಳಲ್ಲಿ ಅವುಗಳ ದಿಬ್ಬ ಮತ್ತೆ ಕಟ್ಟಬೇಕು ಅನ್ನುವುದೂ ಒಂದು ಗುರಿಯಾಗಿತ್ತು. ಅದು ಮಾತ್ರ ಹೇಳಿದ ಹೊತ್ತಿಗೆ ಮುಗಿಯಿತು. ಸಿಂಪಿಗಳನ್ನು ಸಭೆಗೆ ಕರೆಯಲು ಯಾರೋ ಮರೆತಿರಬೇಕು.