ಹುಲ್ಲಿಗೆ ಒಂದೇ ಬಣ್ಣ ಸಾಕಾ?

ಈಗಷ್ಟೇ ಒಂದು ಮೀಟಿಂಗ್ ಮುಗಿಸಿ ಬಂದೆ, ತಲೆ ಇನ್ನೂ ಕಾದಿದೆ. ಬೆಂಗಳೂರಿನ ಹೊರವಲಯದ ಜಮೀನಿಗೆ ಮಾಡಿದ ಪ್ಲಾನಿನ ನಕ್ಷೆ ತೋರಿಸಿದರು. ಕೆರೆಗೆ ನೀಲಿ, ತೋಪಿಗೆ ಕಡುಹಸಿರು, ಹೊಲಕ್ಕೆ ತಿಳಿಹಸಿರು. ಹುಲ್ಲುಗಾವಲಿಗೆ ಮಾತ್ರ ಮಾಸಲು ಹಳದಿ, ಪಕ್ಕದಲ್ಲಿ ‘ಪಾಳು ಭೂಮಿ’. ಉಪಗ್ರಹ ಚಿತ್ರ ಯಾವ ತಿಂಗಳದ್ದು ಅಂತ ಕೇಳಿದೆ. ಏಪ್ರಿಲ್ ಅಂತೆ. ಏಪ್ರಿಲ್‌ನಲ್ಲಿ ಹುಲ್ಲು ಒಣಗದೆ ಇನ್ನೇನು ಮಾಡಬೇಕು ಸ್ವಾಮಿ?

ನನ್ನ ಹುಲ್ಲಿನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ, ಸಹಿಸಿಕೊಳ್ಳಿ. ಮಳೆಗಾಲ ಮುಗಿಯುವ ಹೊತ್ತಿಗೆ ಹೆಸರಘಟ್ಟದ ಕಡೆ ಹೋಗಿ ನೋಡಿ. ಕಲ್ಲೆದ್ದ ದಿಬ್ಬದ ಮೇಲೆ ಒಂದು ಜಾತಿ ಹುಲ್ಲು, ಅದರ ಚೂಪು ಬೀಜ ಪ್ಯಾಂಟು ತೂರಿ ಕಾಲಿಗೆ ಚುಚ್ಚುತ್ತದೆ. ನಾಲ್ಕು ಹೆಜ್ಜೆ ಇಳಿದು ನೀರು ನಿಲ್ಲುವ ತಗ್ಗಿಗೆ ಬಂದರೆ ಬೇರೆಯದೇ ಹುಲ್ಲು, ಬೇರೆಯದೇ ಹೂಗಿಡ. ಒಂದು ಮೀಟರಿನ ಚೌಕಟ್ಟು ನೆಲಕ್ಕಿಟ್ಟು ಒಳಗೆ ಯಾವ್ಯಾವ ಜಾತಿ, ಎಷ್ಟೆಷ್ಟು ಜಾಗ ಹಿಡಿದಿದೆ ಅಂತ ಬರೆದುಕೊಳ್ಳಬೇಕು. ಹೀಗೆ ಹಲವು ಕಡೆ ಮಾಡಿ, ಒಂದೇ ಥರದವನ್ನು ಗುಂಪು ಮಾಡಿ, ಮಳೆ ಕಳೆದ ಮೇಲಿನ ಚಿತ್ರ, ಬೇಸಿಗೆಯ ಚಿತ್ರ ಎರಡರ ಜೊತೆಗೂ ತಾಳೆ ನೋಡಿದರೆ ಆ ಹಳದಿ ಒಡೆದು ನಾಲ್ಕೈದು ಬಣ್ಣ ಆಗುತ್ತದೆ.

ಇದೇನು ಹೊಸ ವಿದ್ಯೆ ಅಲ್ಲ. 1973ರಲ್ಲೇ ದಬಡ್‌ಘಾವ್ ಮತ್ತು ಶಂಕರನಾರಾಯಣ್ ಎಂಬ ವಿಜ್ಞಾನಿಗಳು ದೇಶದ ಹುಲ್ಲುಗಾವಲನ್ನು ಐದು ಬಗೆಯಾಗಿ ವಿಂಗಡಿಸಿದ್ದರು. ನಮ್ಮ ದಖನ್ನಿನದು ಸೆಹಿಮಾ-ಡೈಕಾಂಥಿಯಂ ಬಗೆ, ಎರಡೂ ಹುಲ್ಲಿನ ಹೆಸರೇ. ಅದನ್ನು ಇನ್ನೂ ಸಣ್ಣಗೆ ಬಿಡಿಸುವುದು ನಮ್ಮ ಕೆಲಸವಾಗಿತ್ತು. ನಮ್ಮವರು ಐದನ್ನೂ ಸೇರಿಸಿ ಪಾಳು ಮಾಡಿದರು!

ನಕ್ಷೆಯಲ್ಲಿ ಪಾಳು ಅಂತ ಬಂತೋ, ಮುಗೀತು. ಒಂದು ಲೇಔಟ್, ಇಲ್ಲವೇ ಸಾವಿರ ಸಸಿ. ‘ಗಿಡ ನೆಡೋದೂ ತಪ್ಪಾ? ಊರಿಗೆ ಮರ ಬೇಡ್ವಾ?’ ಅಂದರು ಒಬ್ಬ ಹಿರಿಯರು. ಬೇಕು ಸಾರ್. ರಸ್ತೆಗೆ ಅಂತ ಕಡಿದಿರಲ್ಲ, ಅಲ್ಲೇ ನೆಡಿ. ಬಯಲಲ್ಲಿ ನೆಟ್ಟರೆ ನೆರಳಿಗೆ ಹುಲ್ಲು ಸಾಯುತ್ತದೆ. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬರುವ ಹ್ಯಾರಿಯರ್ ಎಂಬ ಬೇಟೆ ಹಕ್ಕಿ ರಾತ್ರಿ ಮಲಗುವುದು ಮರದಲ್ಲಲ್ಲ, ಆ ಹುಲ್ಲಿನ ನಡುವೆ ನೆಲದ ಮೇಲೆ.

ನಿಜ ಹೇಳಲಾ? ಮರದ ಹೋರಾಟದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಒಂದು ಮರಕ್ಕೆ ಕೊಡಲಿ ಬಿದ್ದರೆ ಊರೇ ಸೇರುತ್ತದೆ. ಹುಲ್ಲಿನ ಮೇಲೆ ಜೆಸಿಬಿ ಹತ್ತಿದರೆ ‘ಪರವಾಗಿಲ್ಲ, ಕ್ಲೀನ್ ಮಾಡ್ತಿದಾರೆ’ ಅಂತಾರೆ. ಹೆಸರಘಟ್ಟದ ಸಂರಕ್ಷಣೆಯ ಪ್ರಸ್ತಾವವನ್ನೂ ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿ, 2024ರಲ್ಲಿ ಒಪ್ಪಿತು. ಸುತ್ತಲಿನ ಗೋಮಾಳ, ಕಾವಲು ಅನ್ನುವ ಮೇವಿನ ಬಯಲುಗಳ ಪರ ಮಾತಾಡುವವರು ಯಾರು?

ಮಳೆ ಕಳೆದ ಮೇಲಿನ ಚಿತ್ರ ಹಾಕಿ, ಒಮ್ಮೆ ಓಡಾಡಿ ನೋಡಿ ನಕ್ಷೆ ತಿದ್ದಿ ಅಂದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಪುಕ್ಕಟೆ ಸಿಗುತ್ತದೆ ಅಂತಲೂ ಹೇಳಿದೆ. ಅದಕ್ಕೆಲ್ಲ ಬಜೆಟ್ ಇಲ್ಲವಂತೆ. ಅದೇ ಪ್ಲಾನಿನ ಕೊನೇ ಪುಟದಲ್ಲಿ, ಅದೇ ಜಾಗಕ್ಕೆ, ಲಾನ್ ಹಾಸಲು ದುಡ್ಡು ತೆಗೆದಿಟ್ಟಿದ್ದಾರೆ.