ಮುಳುಗಡೆ ರೊಕ್ಕದ ರಿಟರ್ನ್ ಹಿಂಗ ತುಂಬತಾರೇನ್ರಿ?

ಬಾಗಲಕೋಟಿ, ಬೀಳಗಿ ಕಡೆ ಕೃಷ್ಣೆಗೆ ಹೊಲ ಕಳಕೊಂಡ ಮಂದಿ ವರ್ಷಗಟ್ಟಲೆ ಕೋರ್ಟಿಗೆ ಅಲೆದು ಹೆಚ್ಚುವರಿ ಪರಿಹಾರ ತರತಾರ. ಅದರ ಬಡ್ಡಿಯೊಳಗ 10% ಟಿಡಿಎಸ್ (ರೊಕ್ಕ ಕೊಡೂ ಮುಂಚೆನ ಹಿಡಕೊಳ್ಳೋ ತೆರಿಗೆ) ಮೊದಲ ಮುರಕೊಂಡಿರತಾರ. ಆ ರೊಕ್ಕ ವಾಪಸ್ ತರಿಸಿಕೊಡತೀವಿ ಅಂತ ಫೀ ಎಣಿಸಿಕೊಳ್ಳೋ ಟ್ಯಾಕ್ಸ್ ಅಂಗಡಿಯವರು ಆದಾಯ ತೆರಿಗೆ ರಿಟರ್ನ್ ತಪ್ಪು ತುಂಬಿ, ಕೇಳಿದ್ರ "ಇರಲಿ ತಗೋರಿ, ಮುಂದ ತಿದ್ದಿದ್ರಾತು" ಅಂತಾರ. ಯಾವಾಗ ಮುಂದ?

ಲೆಕ್ಕ ನೋಡ್ರಿ. ಬಡ್ಡಿ 10 ಲಕ್ಷ, ಟಿಡಿಎಸ್ 1 ಲಕ್ಷ, ಬ್ಯಾರೆ ಆದಾಯ ಇಲ್ಲ. ಈ ಬಡ್ಡಿಯೊಳಗ ಅರ್ಧ ಕಳೀಲಿಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ 57ನೇ ಕಲಂನಾಗ ಅವಕಾಶ ಐತಿ. ಅಂಗಡಿಯವ ಅದನ್ನ ಬಿಟ್ಟು ಪೂರ್ತಿ 10 ಲಕ್ಷ ತೋರಿಸತಾನ. 2025-26ರ ಅಸೆಸ್‌ಮೆಂಟ್ ವರ್ಷಕ್ಕ (ಅಂದ್ರ 2024-25ರಾಗ ಬಂದ ಆದಾಯಕ್ಕ) ಹೊಸ ತೆರಿಗೆ ಪದ್ಧತಿಯೊಳಗ ಸೆಸ್ ಸೇರಿ 52,000 ತೆರಿಗೆ, ರಿಫಂಡ್ ಬರೇ 48,000. ಅರ್ಧ ಕಳದಿದ್ರ 5 ಲಕ್ಷಕ್ಕ ರಿಬೇಟ್ (ತೆರಿಗೆ ಮಾಫಿ) ಸಿಕ್ಕು ತೆರಿಗೆ ಸೊನ್ನೆ, ಪೂರ್ತಿ 1 ಲಕ್ಷ ವಾಪಸ್. ಒಂದು ಸಾಲು ತುಂಬಲಿಲ್ಲ ಅಂತ ರೈತನ 52,000 ಹೋತು!

ಆ ವರ್ಷದ ರಿಟರ್ನ್ ತಿದ್ದಲಿಕ್ಕೆ ಗಡುವು 2025ರ ಡಿಸೆಂಬರ್ 31 ಇತ್ತು. ಅದು ದಾಟಿದ ಮ್ಯಾಲೆ ಐಟಿಆರ್-ಯು (ತಡವಾಗಿ ಹಾಕೋ ಅಪ್‌ಡೇಟೆಡ್ ರಿಟರ್ನ್) ಐತಲ್ಲ ಅಂತ ಸಮಾಧಾನ ಹೇಳೋರಿಗೆ ನಾಚಿಕಿ ಬ್ಯಾಡೇನು? ಅದು ಹೆಚ್ಚಿಗಿ ತೆರಿಗೆ ಕಟ್ಟಲಿಕ್ಕೆ ಇರೋ ಫಾರ್ಮ್. ರಿಫಂಡ್ ಕೇಳಲಿಕ್ಕೂ ಆಗೂದಿಲ್ಲ, ಹೆಚ್ಚಿಸಲಿಕ್ಕೂ ಆಗೂದಿಲ್ಲ. ರೆಕ್ಟಿಫಿಕೇಶನ್ (ತಪ್ಪು ಸರಿಪಡಿಸ್ರಿ ಅನ್ನೋ ಅರ್ಜಿ) ಒಳಗೂ ಹೊಸ ಕ್ಲೇಮ್ ನಡಿಯೂದಿಲ್ಲ, ಅದು ದಾಖಲೆಯೊಳಗ ಕಾಣೋ ತಪ್ಪಿಗಷ್ಟ.

ಗಡುವಿನೊಳಗ ತಿದ್ದಿದ್ರೂ ಹಾಳು ಮಾಡತಾರ. ರಿವೈಸ್ಡ್ ರಿಟರ್ನ್ ಅಂದ್ರ ಹಳೇದರ ಜಾಗಾಕ್ಕ ಬರೋ ಪೂರ್ತಿ ಹೊಸ ರಿಟರ್ನ್. ಫಾರ್ಮ್‌ನಾಗ 139(5) ಕಲಂ ಆರಿಸಿ, ಮೊದಲಿನ ರಿಟರ್ನಿನ 15 ಅಂಕಿ ಸ್ವೀಕೃತಿ ಸಂಖ್ಯೆ, ಹಾಕಿದ ತಾರೀಖು ಕೊಡಬೇಕು. ಟಿಡಿಎಸ್ ಸಾಲು, ಬ್ಯಾಂಕ್ ಖಾತೆ ಎಲ್ಲಾ ಮತ್ತ ಇರಬೇಕು. ಇವರು ಬದಲಾದದ್ದಷ್ಟ ತುಂಬಿ ಟಿಡಿಎಸ್ ಸಾಲು ಬಿಟ್ಟರ ಕ್ಲೇಮ್ ಸೊನ್ನೆ ಆಗತೈತಿ. 30 ದಿನದೊಳಗ ಇ-ವೆರಿಫೈ (ಈ ರಿಟರ್ನ್ ನಂದ ಅಂತ ಆನ್‌ಲೈನ್ ಖಾತ್ರಿ) ಆಗಬೇಕು. ಆಧಾರ್ ಓಟಿಪಿ ಬರೂದು ಹೊಲದಾಗಿರೋ ರೈತನ ಫೋನಿಗೆ, ಅಂಗಡಿಯವ ಅವನಿಗೆ ಫೋನೂ ಮಾಡೂದಿಲ್ಲ. ವೆರಿಫೈ ಆಗದ ರಿಟರ್ನ್ ಹಾಕಿದ್ರೂ ಹಾಕಧಂಗ.

"ರಿವೈಸ್ ಮಾಡಿದ್ರ ರಿಫಂಡ್ ಲಗೂ ಬರತೈತಿ" ಅನ್ನೂದಂತೂ ಹಸೀ ಸುಳ್ಳು. ಹಳೇದು ಪ್ರೊಸೆಸ್ ಆಗಿರದಿದ್ರ ಹೊಸಾದನ್ನ ಸಿಪಿಸಿ (ರಿಟರ್ನ್ ಪರಿಶೀಲಿಸೋ ತೆರಿಗೆ ಇಲಾಖೆಯ ಕೇಂದ್ರ) ಮೊದಲಿಂದ ನೋಡತೈತಿ. 48,000 ಜಮಾ ಆಗಿದ್ರ ಉಳಿದ 52,000 ಹೊಸ ಇಂಟಿಮೇಶನ್ (ಇಲಾಖೆ ಕಳಿಸೋ ಲೆಕ್ಕದ ತಿಳುವಳಿಕೆ) ಆದ ಮ್ಯಾಲೆ ಬರಬೇಕು. ಹಳೇ ವರ್ಷದ ಬಾಕಿ ತೋರಿಸತಿದ್ರ ಅದಕ್ಕ ವಜಾ ಮಾಡತೀವಿ ಅಂತ 245ನೇ ಕಲಂನ ನೋಟಿಸ್ ಬರತೈತಿ. ಉತ್ತರ ಕೊಡಲಿಕ್ಕೆ 21 ದಿನ. ಆ ನೋಟಿಸ್ ಹೋಗೂದು ಅಂಗಡಿಯವನ ಇ-ಮೇಲ್‌ಗೆ, ಯಾಕಂದ್ರ ನೋಂದಣಿ ಮಾಡುವಾಗ ತನ್ನದನ್ನ ಹಾಕ್ಕೊಂಡಿರತಾನ! ರೈತನಿಗೆ ಗೊತ್ತಾಗೂದರಾಗ ರೊಕ್ಕ ವಜಾ ಆಗಿರತೈತಿ.

ಅಂಗಡಿಯಿಂದ ಏಳೂದಕ್ಕಿಂತ ಮೊದಲು ವೆರಿಫೈ ಆದ ಸ್ವೀಕೃತಿ ಪ್ರತಿ ಕೈಗೆ ತಗೋರಿ. ಪೋರ್ಟಲ್‌ನಾಗ ನಿಮ್ಮ ಫೋನ್, ನಿಮ್ಮ ಮನಿಯವರ ಇ-ಮೇಲ್ ಹಾಕಿಸ್ರಿ. ಕೊಡಲಿಲ್ಲಂದ್ರ ಫೀ ಕೊಡಬ್ಯಾಡ್ರಿ.